ಬಲೆಗೆ ಬಿದ್ದವರು ಎಂಬ ಬೈಗುಳ

'ಸುಂದರಿಯ ಮೋಹದ ಬಲೆಗೆ ಬಿದ್ದು ಲಕ್ಷಾಂತರ ಕಳೆದುಕೊಂಡ ಟೆಕ್ಕಿ.' ಈ ಧಾಟಿಯ ತಲೆಬರಹಗಳನ್ನು ನೀವೂ ಓದಿರುತ್ತೀರಿ, ಓದಿ ಸಣ್ಣಗೆ ನಕ್ಕಿರುತ್ತೀರಿ. ಮನೆಗಳ್ಳತನದ ಸುದ್ದಿಯಾದರೆ ಕಳ್ಳರು ನುಗ್ಗಿದರು, ಚಿನ್ನ ದೋಚಿದರು ಎಂದು ಬರೆಯುತ್ತೇವೆ. ಇಲ್ಲಿ ಮಾತ್ರ ಬಿದ್ದವನೂ ಅವನೇ, ಕಳೆದುಕೊಂಡವನೂ ಅವನೇ. ಸುಲಿದವರು ವಾಕ್ಯದಲ್ಲೇ ಇಲ್ಲ. ಇದ್ದರೂ ಸುಂದರಿಯ ವೇಷದಲ್ಲಿದ್ದಾರೆ.

ಆ ಸುಂದರಿ ಎಷ್ಟೋ ಪ್ರಕರಣಗಳಲ್ಲಿ ಇರುವುದೇ ಇಲ್ಲ. ಹೆಣ್ಣಿನ ಹೆಸರಿನ ಖಾತೆಯಿಂದ ಫೇಸ್‌ಬುಕ್ಕಿನಲ್ಲೋ ಇನ್‌ಸ್ಟಾಗ್ರಾಮಿನಲ್ಲೋ ಕೋರಿಕೆ ಬರುತ್ತದೆ. ಎರಡು ದಿನ ಸವಿಮಾತು, ಆಮೇಲೆ ರಾತ್ರಿ ಹೊತ್ತು ವಾಟ್ಸಾಪ್ ವಿಡಿಯೋ ಕಾಲ್. ಆ ಬದಿಯಲ್ಲಿ ಓಡುತ್ತಿರುವುದು ಯಾವುದೋ ಹಳೆಯ ವಿಡಿಯೋ. ಅದನ್ನು ಕ್ಯಾಮೆರಾಕ್ಕೆ ಹಿಡಿದು ಕೂತವನು ಗಂಡಸೇ ಇರಬಹುದು. ಈ ಬದಿಯ ಮುಖ ಕೆಲವು ಸೆಕೆಂಡು ರೆಕಾರ್ಡ್ ಆದರೆ ಸಾಕು. ನಿಮ್ಮ ಅತ್ತಿಗೆ, ದೊಡ್ಡಪ್ಪ, ಪಿಎಚ್‌ಡಿ ಗೈಡ್ ಎಲ್ಲರೂ ಇರುವ ಸ್ನೇಹಿತರ ಪಟ್ಟಿಯ ಸ್ಕ್ರೀನ್‌ಶಾಟ್ ಬರುತ್ತದೆ, ಹಿಂದೆಯೇ ಯುಪಿಐ ಐಡಿ. ಹಣ ಕೊಟ್ಟಿರೋ, 'ದೆಹಲಿ ಪೊಲೀಸ್' ಫೋನ್ ಮಾಡುತ್ತಾರೆ. ನಂತರ ಯೂಟ್ಯೂಬಿನಿಂದ ವಿಡಿಯೋ ಅಳಿಸಿಕೊಡಲು ಶುಲ್ಕ ಕೇಳುವವನು. ಕೆಲವೊಮ್ಮೆ, ಆ ಹುಡುಗಿ ಆತ್ಮಹತ್ಯೆ ಮಾಡಿಕೊಂಡಳು ಎಂಬ ಸುಳ್ಳು ಕೂಡ. ಹರಿಯಾಣದ ನೂಹ್, ರಾಜಸ್ಥಾನದ ಭರತ್‌ಪುರ, ಅಲ್ವರ್ ಕಡೆಯ ಇಂಥ ಜಾಲಗಳನ್ನು ಪೊಲೀಸರು ಮತ್ತೆ ಮತ್ತೆ ಹಿಡಿದಿದ್ದಾರೆ (ಹಾಗೆಂದು ಇಡೀ ಸೀಮೆಗೆ ಹಣೆಪಟ್ಟಿ ಹಚ್ಚಬೇಕಿಲ್ಲ). ಕೆಲಸ ಹಂಚಿಕೊಂಡು ನಡೆಸುವ ದಂಧೆ ಇದು. ಇದಕ್ಕೆ ಮೋಹಿನಿಯ ಕಥೆ ಕಟ್ಟುವುದು ನಮ್ಮ ಚಪಲ.

ನಾನಿರುವ ಹಾಸ್ಟೆಲಿನಲ್ಲಿ ಸೈಬರ್ ಜಾಗೃತಿ ಕಾರ್ಯಕ್ರಮ ನಡೆಯಿತು. ಬಂದಿದ್ದ ಉಪನ್ಯಾಸಕರು, 'ಒಳ್ಳೆ ಮನೆತನದ ಮಕ್ಕಳು ಇಂಥದ್ದಕ್ಕೆಲ್ಲ ಹೋಗಲ್ಲ ಬಿಡಿ' ಎಂದರು. ಸಭಾಂಗಣ ನಕ್ಕಿತು. ಆ ನಗುವಿನ ನಡುವೆ, ಹಿಂದಿನ ವಾರವಷ್ಟೇ ಐದು ಸಾವಿರ ಕಳಿಸಿ ಮುಂದಿನ ಕಂತಿಗೆ ಸ್ನೇಹಿತರ ಹತ್ತಿರ ಕೈಚಾಚುತ್ತಿದ್ದ ಹುಡುಗನೊಬ್ಬ ಕೂತಿದ್ದ. ಸುಲಿಗೆಕೋರನಿಗೆ ಆ ವಿಡಿಯೋಗಿಂತ ಉಪನ್ಯಾಸಕರ ಆ ಒಂದು ಮಾತು ಹೆಚ್ಚು ಬೆಲೆಬಾಳುವಂಥದ್ದು. ಅವನು ಮಾರುವುದು ನಮ್ಮದೇ ನಾಚಿಕೆಯನ್ನು, ಅದನ್ನು ಉಚಿತವಾಗಿ ಒದಗಿಸುವವರು ನಾವು.

ಹೆಣ್ಣುಮಕ್ಕಳ ಪಾಲಿಗೆ ಇದು ಇನ್ನೂ ಕ್ರೂರ. ಅಲ್ಲಿ ಬೆದರಿಸುವವನು ಎಷ್ಟೋ ಸಲ ನಿಜವಾಗಿ ಪ್ರೀತಿಸಿದವನೇ ಆಗಿರುತ್ತಾನೆ. 'ಫೋಟೋ ಯಾಕೆ ಕಳಿಸಿದೆ?' ಎಂಬುದೇ ಮನೆಯವರ ಮೊದಲ ಪ್ರಶ್ನೆ. ಒಬ್ಬನನ್ನು ನಂಬಿ ಕೊಟ್ಟದ್ದು ಊರಿಗೆಲ್ಲ ಕೊಟ್ಟಂತೆ ಹೇಗಾಗುತ್ತದೆ? ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಪುಟ್ಟಸ್ವಾಮಿ ಅವರ ಹೆಸರಿನ ಪ್ರಕರಣದಲ್ಲಿ ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರಲ್ಲೇ ಹೇಳಿತು. ನಮ್ಮ ಪಡಸಾಲೆಗಳಿಗೆ ಆ ತೀರ್ಪು ಇನ್ನೂ ತಲುಪಿಲ್ಲ.

ಅಂದು ವೇದಿಕೆಯಿಂದ ಹೇಳಬೇಕಿದ್ದ ಮಾತುಗಳು ಬೇರೆ ಇದ್ದವು. ಹಣ ಕೊಡಬೇಡಿ, ಕೊಟ್ಟರೆ 'ಕೊಡುವ ಗಿರಾಕಿ' ಎಂದು ಗುರುತಾಗುತ್ತೀರಿ, ಅಷ್ಟೆ. ಗಾಬರಿಯಲ್ಲಿ ಚಾಟ್ ಅಳಿಸಬೇಡಿ, ಸಾಕ್ಷಿ ಅದೇ. ನಂಬರು, ಪ್ರೊಫೈಲ್ ಕೊಂಡಿ, ಯುಪಿಐ ಐಡಿ ತೆಗೆದಿಟ್ಟುಕೊಂಡು ಬ್ಲಾಕ್ ಮಾಡಿ, ಸ್ನೇಹಿತರ ಪಟ್ಟಿಯನ್ನು ಮರೆಮಾಡಿ. ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಫೋನ್ ಮಾಡಿ. ಬೇಗ ತಿಳಿಸಿದಷ್ಟೂ ಅದನ್ನು ಬ್ಯಾಂಕಿನಲ್ಲೇ ತಡೆಹಿಡಿಯುವ ಸಾಧ್ಯತೆ ಹೆಚ್ಚು. ಸುಲಿಗೆಗೆ ಭಾರತೀಯ ನ್ಯಾಯ ಸಂಹಿತೆಯ 308ನೇ ಕಲಮಿನಡಿ ಏಳು ವರ್ಷದವರೆಗೆ ಜೈಲಿದೆ. ಸ್ಟಾಪ್‌ಎನ್‌ಸಿಐಐ ಎಂಬ ಜಾಲತಾಣ ನಿಮ್ಮ ಖಾಸಗಿ ಚಿತ್ರದಿಂದ ಒಂದು ಡಿಜಿಟಲ್ ಬೆರಳಚ್ಚು ತಯಾರಿಸುತ್ತದೆ. ಫೇಸ್‌ಬುಕ್, ಇನ್‌ಸ್ಟಾಗ್ರಾಮ್ ಮೊದಲಾದವು ಅದನ್ನು ನೋಡಿ ಆ ಚಿತ್ರವನ್ನು ತಡೆಯುತ್ತವೆ, ಚಿತ್ರ ನಿಮ್ಮ ಫೋನ್ ಬಿಟ್ಟು ಆಚೆ ಹೋಗುವುದಿಲ್ಲ. ಹದಿನೆಂಟು ತುಂಬದವರಿಗೆ 'ಟೇಕ್ ಇಟ್ ಡೌನ್' ಎಂಬ ಇಂಥದ್ದೇ ವ್ಯವಸ್ಥೆಯಿದೆ.

ಆ ಹುಡುಗ ಕೊನೆಗೆ ಬಾಯಿಬಿಟ್ಟ. ನಾವು ಮೂವರು ಕೂತು ಅವನ ಬಂಧುಬಳಗಕ್ಕೆಲ್ಲ ಒಂದು ಮೆಸೇಜ್ ಬರೆದೆವು: ನನ್ನ ಹೆಸರಿನಲ್ಲಿ ವಿಡಿಯೋ ಬಂದರೆ ತೆರೆಯಬೇಡಿ, ಬೆದರಿಸಿ ದುಡ್ಡು ಕೇಳುತ್ತಿದ್ದಾರೆ, ದೂರು ಕೊಡುತ್ತಿದ್ದೇನೆ. ಕಳಿಸುವಾಗ ಅವನ ಕೈ ನಡುಗುತ್ತಿತ್ತು. ಮೊದಲು ಫೋನ್ ಮಾಡಿದ್ದು ಅವನು ಎಲ್ಲರಿಗಿಂತ ಹೆಚ್ಚು ಹೆದರುತ್ತಿದ್ದ ದೊಡ್ಡಪ್ಪ. ಸ್ಟೇಷನ್ನಿಗೆ ಯಾವಾಗ ಹೋಗಬೇಕು, ನಾನೂ ಬರ್ತೀನಿ ಎಂದರು.