ಗುರುದತ್ ಕಥೆಯನ್ನು ಕೊನೆಯ ದಿನದಿಂದ ಶುರು ಮಾಡಬೇಡಿ

ನಮ್ಮ ಕ್ಯಾಸಂಬಳ್ಳಿ ಕಡೆಯ ಒಂದು ವಾಟ್ಸಾಪ್ ಗ್ರೂಪಿಗೆ ಈಚೆಗೆ ಒಂದು ರೀಲ್ ಬಂತು. ಕಪ್ಪು ಬಿಳುಪು ಫೋಟೊ, ಅಳುವ ಪಿಟೀಲು, ಕೆಳಗೆ ದಪ್ಪ ಅಕ್ಷರ. ಬೆಂಗಳೂರಿನಲ್ಲಿ ಹುಟ್ಟಿದ ಗುರುದತ್ ಬಾಂಬೆಗೆ ಹೋಗಿ ದೊಡ್ಡ ನಟ, ನಿರ್ದೇಶಕ ಆದ, ಒಂದು ಸಿನಿಮಾ ಸೋತಿತು, ಸತ್ತು ಹೋದ. ಮೂವತ್ತು ಸೆಕೆಂಡಿನಲ್ಲಿ ಮುಗಿಯಿತು. ಕೆಳಗೆ ಅಳುವ ಮುಖಗಳ ಸಾಲು. ಒಬ್ಬರು ಕೇಳಿದರು, "ಇವರು ಕನ್ನಡದವರಾ?" ಇನ್ನೊಬ್ಬ ಹುಡುಗ ಕೇಳಿದ, "ಸೋತಿದ್ದು ಯಾವ ಸಿನಿಮಾ ಅಣ್ಣಾ?" ಎರಡಕ್ಕೂ ಯಾರೂ ಉತ್ತರ ಕೊಡಲಿಲ್ಲ. ಬೆಳಗ್ಗೆ ಟೊಮೆಟೊ ರೇಟು ಬಂತು, ಮಾತು ಅಲ್ಲಿಗೆ ನಿಂತಿತು.

ಉತ್ತರ ನಾವು ಕೊಡೋಣ ಅಂತ ಕೂತಿದ್ದೇವೆ. ಮೊದಲ ಪ್ರಶ್ನೆ ಮೊದಲು.

ಗುರುದತ್ ಹುಟ್ಟಿದ್ದು 1925ರ ಜುಲೈ 9ರಂದು, ಬೆಂಗಳೂರಿನಲ್ಲಿ. ಇಟ್ಟ ಹೆಸರು ವಸಂತಕುಮಾರ ಶಿವಶಂಕರ ಪಡುಕೋಣೆ. ಚಿಕ್ಕಂದಿನಲ್ಲಿ ಏನೋ ಅಪಘಾತವಾಗಿ, ಒಳ್ಳೆಯದಾಗಲಿ ಅಂತ ಹೆಸರು ಬದಲಾಯಿಸಿದರು. ಮನೆಮಾತು ಕೊಂಕಣಿ. ಅಪ್ಪ ಮೇಷ್ಟ್ರಾಗಿದ್ದವರು, ಆಮೇಲೆ ಗುಮಾಸ್ತೆ ಕೆಲಸ. ಬೆಳೆದದ್ದು ಕಲ್ಕತ್ತೆಯ ಭವಾನಿಪುರದಲ್ಲಿ, ಬಂಗಾಳಿ ಮಾತಿನ ನಡುವೆ. 'ದತ್' ಅನ್ನುವುದು ಬಂಗಾಳಿಗಳ ಮನೆತನದ ಹೆಸರೂ ಆದ್ದರಿಂದ ಎಷ್ಟೋ ಜನ ಆತನನ್ನು ಬಂಗಾಳಿ ಎಂದೇ ನಂಬಿದ್ದರು. ಸಿನಿಮಾ ಮಾಡಿದ್ದು ಹಿಂದಿಯಲ್ಲಿ. ತಾಯಿ ವಾಸಂತಿ ಪಡುಕೋಣೆ ಬಂಗಾಳಿ ಕಾದಂಬರಿಗಳನ್ನು ಕನ್ನಡಕ್ಕೆ ತಂದವರು, ಮಗನ ಬಗ್ಗೆ ಕನ್ನಡದಲ್ಲೇ ಪುಸ್ತಕ ಬರೆದವರು. ಅದರ ಹೆಸರು 'ನನ್ನ ಮಗ ಗುರುದತ್ತ'.

ಹಾಗಾದರೆ ಕನ್ನಡದವನಾ ಅಲ್ಲವಾ? ಈ ಪ್ರಶ್ನೆ ಕೇಳುವ ಮುಂಚೆ ನಮ್ಮ ಹೋಬಳಿಯವರು ನಮ್ಮ ಮನೆಗಳನ್ನೇ ಒಮ್ಮೆ ನೋಡಿಕೊಳ್ಳಬೇಕು. ಅಡುಗೆಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ, ಕೆಜಿಎಫ್ ಬಸ್ ಹತ್ತಿದರೆ ತಮಿಳು, ಅಂಗಡಿಯಲ್ಲಿ ಉರ್ದು. ಬೆಂಗಳೂರಿನಲ್ಲಿ ಯಾರಾದರೂ "ನೀವು ಯಾವ ಕಡೆಯವರು" ಎಂದರೆ ನಮಗೂ ಒಂದೇ ಮಾತಿನಲ್ಲಿ ಹೇಳಲು ಬರುವುದಿಲ್ಲ. ಗುರುದತ್ ಅಂಥ ಮನೆಯವನೇ. ಅಷ್ಟು ಸಾಕು.

ಎರಡನೇ ಪ್ರಶ್ನೆ ಕೇಳಿದ ಹುಡುಗನಿಗೆ ಉತ್ತರ ಸ್ವಲ್ಪ ಉದ್ದ. ಆ ರೀಲ್ ಹೇಳಿದ್ದು ಸುಳ್ಳು ಎನ್ನುವುದೇ ನಮ್ಮ ತಕರಾರು. ಫೋಟೊ ಸುಳ್ಳಲ್ಲ, ಊರು ಸುಳ್ಳಲ್ಲ. ಸೋತ, ಅದಕ್ಕೇ ಸತ್ತ ಅನ್ನುವ ಆ ಒಂದು ಗೆರೆ ಸುಳ್ಳು.

ಸಿನಿಮಾದ ಹೆಸರು 'ಕಾಗಜ್ ಕೆ ಫೂಲ್', ಅಂದರೆ ಕಾಗದದ ಹೂಗಳು. ಬಂದಿದ್ದು 1959ರಲ್ಲಿ. ಭಾರತದ ಮೊದಲ ಸಿನಿಮಾಸ್ಕೋಪ್ ಚಿತ್ರ ಅದು, ಅಗಲ ಪರದೆಯದು. ಹೆಸರು ಮಾಡಿದ್ದ ನಿರ್ದೇಶಕನೊಬ್ಬ ಎಲ್ಲ ಕಳೆದುಕೊಂಡು ಹಳೆಯ ಸ್ಟುಡಿಯೋಗೆ ಬಂದು ಕೂರುವ ಕಥೆ. ಜನ ನೋಡಲಿಲ್ಲ, ದುಡ್ಡು ಹೋಯಿತು. ನಿರ್ದೇಶಕ ಗುರುದತ್ ಎಂದು ಪರದೆಯ ಮೇಲೆ ಮತ್ತೆ ಯಾವತ್ತೂ ಬರಲಿಲ್ಲ. ಇಷ್ಟು ನಿಜ.

ಆದರೆ ಮರುವರ್ಷ, 1960ರಲ್ಲಿ, ಆತನ ಕಂಪನಿಯಿಂದಲೇ 'ಚೌದ್‌ವೀ ಕಾ ಚಾಂದ್' ಬಂತು. ನಿರ್ದೇಶನ ಎಂ. ಸಾದಿಕ್, ನಾಯಕ ಗುರುದತ್. ಜೋರಾಗಿ ಓಡಿತು. ಹೋದ ದುಡ್ಡು ಬಂತು. 1962ರಲ್ಲಿ 'ಸಾಹಿಬ್ ಬೀಬಿ ಔರ್ ಗುಲಾಮ್' ಬಂತು. ಅಬ್ರಾರ್ ಅಲ್ವಿ ನಿರ್ದೇಶನ, ಅದರಲ್ಲೂ ಗುರುದತ್ ಪಾತ್ರ ಮಾಡಿದ. ಅದಕ್ಕೆ ಪ್ರಶಸ್ತಿಗಳು ಬಂದವು, ಆಸ್ಕರ್‌ಗೆ ಭಾರತದಿಂದ ಹೋದ ಚಿತ್ರವೂ ಅದೇ. ಗುರುದತ್ ತೀರಿಕೊಂಡದ್ದು 1964ರ ಅಕ್ಟೋಬರ್ 10ರಂದು, 39ನೇ ವಯಸ್ಸಿಗೆ. ಸೋಲಿಗೂ ಸಾವಿಗೂ ಮಧ್ಯೆ ಐದು ವರ್ಷ ಇದೆ, ಒಂದು ದೊಡ್ಡ ಗೆಲುವೂ ಇದೆ. ರೀಲ್ ಮಾಡಿದವರು ಆ ಐದು ವರ್ಷ ಕತ್ತರಿಸಿ ಬಿಸಾಕಿದ್ದಾರೆ.

ಆ ಸಾವು ಬೇಕೆಂದೇ ಆದದ್ದೋ, ಕುಡಿತ ಮತ್ತು ನಿದ್ದೆಮಾತ್ರೆಯಿಂದ ಆದ ಆಕಸ್ಮಿಕವೋ ಎಂಬುದಕ್ಕೆ ಇವತ್ತಿಗೂ ಒಂದೇ ಮಾತಿಲ್ಲ. ಮಾರನೆಯ ದಿನ ಹೊಸ ಸಿನಿಮಾದ ಮಾತುಕತೆ ಇತ್ತು, ಅದು ಆಕಸ್ಮಿಕವೇ ಎಂದು ಮಗ ಅರುಣ್ ಹೇಳುತ್ತಿದ್ದರು. ಅದಕ್ಕೆ ಮುಂಚೆ ಎರಡು ಸಲ ಪ್ರಾಣ ಕಳೆದುಕೊಳ್ಳಲು ಹೋಗಿ ಉಳಿದದ್ದೂ ನಿಜ. ಅಂದರೆ ಆ ಮನುಷ್ಯನಿಗೆ ಕಾಯಿಲೆ ಇತ್ತು. ಜ್ವರದಂತೆ, ಸಕ್ಕರೆ ಕಾಯಿಲೆಯಂತೆ ಒಂದು ಕಾಯಿಲೆ. ಆ ಕಾಲದಲ್ಲಿ ಅದಕ್ಕೆ ಹೆಸರಿಟ್ಟು ಮಾತಾಡುವವರು ಕಡಿಮೆ. ಈಗಲೂ ನಮ್ಮ ಕಡೆ ಹೆಚ್ಚೇನಿಲ್ಲ.

ಇಲ್ಲಿ ನಮ್ಮ ತಪ್ಪೊಂದು ಹೇಳಿಕೊಳ್ಳಬೇಕು. ತಾಲ್ಲೂಕಿನಿಂದ ಪತ್ರಿಕೆಗೆ ಸುದ್ದಿ ಕಳಿಸುವ ನಮ್ಮಂಥವರು "ಸಾಲಬಾಧೆ ತಾಳಲಾರದೆ", "ಪರೀಕ್ಷೆಯಲ್ಲಿ ಅನುತ್ತೀರ್ಣನಾದ ಕಾರಣ", "ಜೀವನದಲ್ಲಿ ಜಿಗುಪ್ಸೆಗೊಂಡು" ಎಂದು ಎಷ್ಟು ಸಲ ಟೈಪ್ ಮಾಡಿದ್ದೇವೋ ಲೆಕ್ಕವಿಲ್ಲ. ಠಾಣೆಯಿಂದ ಬಂದ ಎರಡು ಸಾಲು, ಅದಕ್ಕೊಂದು ಪಾಸ್‌ಪೋರ್ಟ್ ಫೋಟೊ. ಸಂಜೆ ಆರೂವರೆಯೊಳಗೆ ಕಳಿಸಬೇಕು. ಒಂದು ಸಲ ಹಾಗೆ ಬರೆದ ಆರು ತಿಂಗಳ ಮೇಲೆ ಬೇರೆ ಕೆಲಸಕ್ಕೆ ಆ ಊರಿಗೆ ಹೋದೆವು. ಆ ಮನೆಯವರು ನಮ್ಮನ್ನು ಕೂರಿಸಿ, ಕಾಫಿ ಕೊಟ್ಟು, ಕೇಳಿದರು: "ಅವನು ಎಂಥ ಕೆಲಸಗಾರ ಗೊತ್ತಾ ಸಾರ್? ಸುತ್ತ ನಾಲ್ಕು ಊರಿನ ಮೋಟಾರು ರಿಪೇರಿ ಅವನದೇ. ಪೇಪರಿನಲ್ಲಿ ಸಾಲಗಾರ ಅಂತ ಹಾಕಿದ್ರಿ." ನಮ್ಮ ಬಳಿ ಉತ್ತರ ಇರಲಿಲ್ಲ. ಆ ರೀಲ್ ನೋಡಿದಾಗ ನೆನಪಾದದ್ದು ಆ ಕಾಫಿ.

ಅದಕ್ಕೇ ಈ ಸಲ ಕೆಲಸದ ಕಥೆ ಹೇಳುತ್ತೇವೆ.

ಕಲ್ಕತ್ತೆಯ ಮನೆಯಲ್ಲಿ ಸಂಜೆ ಅಜ್ಜಿ ದೀಪ ಹಚ್ಚಿದರೆ ಆ ಬೆಳಕಿಗೆ ಕೈ ಹಿಡಿದು ಗೋಡೆಯ ಮೇಲೆ ನೆರಳು ಆಡಿಸುತ್ತಿದ್ದ ಎಂದು ತಂಗಿ, ಚಿತ್ರಕಲಾವಿದೆ ಲಲಿತಾ ಲಾಜ್ಮಿ ನೆನೆಸಿಕೊಂಡಿದ್ದರು. ಕರೆಂಟು ಹೋದ ರಾತ್ರಿ ನಾವೆಲ್ಲ ಮಾಡಿದ್ದೇ, ಜಿಂಕೆ, ನಾಯಿ, ಹಾವು. ಕಾಲೇಜಿಗೆ ಕಳಿಸಲು ಮನೆಯಲ್ಲಿ ದುಡ್ಡಿರಲಿಲ್ಲ. ಆಲ್ಮೋರಾದಲ್ಲಿ ಉದಯಶಂಕರ್ ಅವರ ನೃತ್ಯ ಕೇಂದ್ರದಲ್ಲಿ ಕಲಿತ. ಆಮೇಲೆ ಕಲ್ಕತ್ತೆಯ ಲಿವರ್ ಬ್ರದರ್ಸ್ ಕಂಪನಿಯಲ್ಲಿ ಟೆಲಿಫೋನ್ ಆಪರೇಟರ್ ಕೆಲಸ. ಅದು ಹಿಡಿಸಲಿಲ್ಲ. ಪುಣೆಯ ಪ್ರಭಾತ್ ಫಿಲ್ಮ್ ಕಂಪನಿಗೆ ಸೇರಿದ. ಅಲ್ಲಿ ದೋಬಿ ಅಂಗಿ ಅದಲುಬದಲು ಮಾಡಿದ್ದರಿಂದ ದೇವ್ ಆನಂದ್ ಸ್ನೇಹವಾಯಿತಂತೆ. ನಾನು ನಿರ್ಮಾಪಕನಾದರೆ ನೀನು ನಿರ್ದೇಶಕ, ನೀನು ನಿರ್ದೇಶಕನಾದರೆ ನಾನು ನಾಯಕ ಎಂದು ಇಬ್ಬರೂ ಮಾತು ಕೊಟ್ಟುಕೊಂಡರು. ಮಾತು ಉಳಿಯಿತು. 1951ರಲ್ಲಿ 'ಬಾಜಿ' ಬಂತು, ದೇವ್ ಆನಂದ್ ಕಂಪನಿ, ಗುರುದತ್ ನಿರ್ದೇಶನ.

ನಡುವೆ ಹತ್ತಿರ ಹತ್ತಿರ ಒಂದು ವರ್ಷ ಕೆಲಸವೇ ಇರಲಿಲ್ಲ. ಬಾಂಬೆಯ ಮಾಟುಂಗದಲ್ಲಿ ತಾಯಿಯ ಮನೆಯಲ್ಲಿ ಕೂತಿದ್ದ. ಡಿಗ್ರಿ ಮುಗಿಸಿ ಮನೆಯಲ್ಲಿ ಕೂತಿರುವ ಹುಡುಗರು, ಅಪ್ಪನ ಮುಖ ತಪ್ಪಿಸಿ ಓಡಾಡುವವರು, ಇದನ್ನು ಗಮನವಿಟ್ಟು ಓದಿ. ಆ ಖಾಲಿ ದಿನಗಳಲ್ಲಿ 'ಕಶ್ಮಕಶ್' ಎಂಬ ಕಥೆ ಬರೆದ. ಆಗ 22ರ ಆಸುಪಾಸು. ಹತ್ತು ವರ್ಷ ಅದನ್ನು ಇಟ್ಟುಕೊಂಡಿದ್ದ. 1957ರಲ್ಲಿ ಅದೇ 'ಪ್ಯಾಸಾ' ಆಯಿತು. 'ಟೈಮ್' ಪತ್ರಿಕೆ 2005ರಲ್ಲಿ ಜಗತ್ತಿನ ನೂರು ಶ್ರೇಷ್ಠ ಚಿತ್ರಗಳ ಪಟ್ಟಿ ಮಾಡಿದಾಗ ಅದರೊಳಗೆ 'ಪ್ಯಾಸಾ' ಇತ್ತು.

'ಪ್ಯಾಸಾ' ಕಥೆ ಗೊತ್ತಿಲ್ಲದವರಿಗೆ: ವಿಜಯ್ ಒಬ್ಬ ಕವಿ. ಅಣ್ಣಂದಿರು ಅವನ ಕವಿತೆಗಳ ಕಟ್ಟನ್ನು ರದ್ದಿಗೆ ಮಾರಿಬಿಡುತ್ತಾರೆ. ಗುಲಾಬೊ ಎಂಬ ಬೀದಿಯ ಹೆಣ್ಣು ಆ ರದ್ದಿಯನ್ನು ಕೊಂಡು ಓದಿ ಜೋಪಾನ ಮಾಡುತ್ತಾಳೆ. ಅವನ ಕೋಟು ಹಾಕಿಕೊಂಡಿದ್ದ ಭಿಕ್ಷುಕ ರೈಲಿಗೆ ಸಿಕ್ಕಿ ಸತ್ತಾಗ ಊರೆಲ್ಲ ವಿಜಯ್ ಸತ್ತ ಎಂದುಕೊಳ್ಳುತ್ತದೆ. ತಕ್ಷಣ ಕವಿತೆಗೆ ಬೆಲೆ ಬರುತ್ತದೆ! ಪುಸ್ತಕ ಖರ್ಚಾಗುತ್ತದೆ, ದುಡ್ಡಿನ ಆಸೆಗೆ ಅಣ್ಣಂದಿರು ಬದುಕಿರುವ ತಮ್ಮನನ್ನು "ಇವನು ನಮ್ಮವನಲ್ಲ" ಎನ್ನುತ್ತಾರೆ. ಸತ್ತವನ ಸ್ಮರಣೆಗೆ ಸಭೆ ಸೇರಿದಾಗ ಬದುಕಿರುವವನೇ ಬಾಗಿಲಲ್ಲಿ ಬಂದು ನಿಲ್ಲುತ್ತಾನೆ. ಸತ್ತ ಮೇಲೆ ಹೊಗಳುವ ಜನರನ್ನು ಬೈದು ಸಿನಿಮಾ ಮಾಡಿದವನನ್ನು ನಾವು ನೆನೆಯುವುದು ಸಾವಿನಿಂದ. ಇದಕ್ಕೆ ಏನು ಹೇಳುವುದು.

ಇನ್ನೊಂದು. ಗುರುದತ್ ಒಬ್ಬನೇ ಕೂತು ಕೊರಗಿ ಸಿನಿಮಾ ಮಾಡಿದ ಅನ್ನುವ ಚಿತ್ರವನ್ನೂ ತಲೆಯಿಂದ ತೆಗೆಯಿರಿ. ಬಾಂಬೆ ಸಿಟಿ ಬಸ್ಸಿನ ಕಂಡಕ್ಟರ್ ಬದ್ರುದ್ದೀನ್ ಕಾಜಿಯನ್ನು ಸಿನಿಮಾಕ್ಕೆ ತಂದು ಜಾನಿ ವಾಕರ್ ಎಂದು ಹೆಸರಿಟ್ಟ. 'ಪ್ಯಾಸಾ'ದಲ್ಲಿ ತಲೆಗೆ ಎಣ್ಣೆ ತಿಕ್ಕುವವನು ಅವನೇ. ವಹೀದಾ ರೆಹಮಾನ್ ಸಿಕ್ಕಿದ ಕಥೆ ಅಬ್ರಾರ್ ಅಲ್ವಿ ಹೇಳಿದ್ದಾರೆ: ಹೈದರಾಬಾದಿಗೆ ಕಾರಿನಲ್ಲಿ ಹೊರಟವರಿಗೆ ಒಂದು ಎಮ್ಮೆ ಅಡ್ಡ ಬಂದು, ಕಾರು ಜಖಂ ಆಗಿ, ರಿಪೇರಿಗೆ ಅಲ್ಲೇ ಉಳಿಯಬೇಕಾಯಿತಂತೆ. ಆಗ ಕಣ್ಣಿಗೆ ಬಿದ್ದದ್ದು 1955ರ ತೆಲುಗು ಚಿತ್ರ 'ರೋಜುಲು ಮಾರಾಯಿ'ಯಲ್ಲಿ ಕುಣಿದ ಹುಡುಗಿ. ರೈತರ ಚಿತ್ರ ಅದು. ನಮ್ಮ ಮನೆಯ ಹಿರಿಯರನ್ನು ಕೇಳಿ, ಆ ಏರುವಾಕ ಹಾಡು ಇನ್ನೂ ಬಾಯಿಗೆ ಬರುತ್ತದೆ. ಎಮ್ಮೆಗೆ ಯಾರೂ ಪ್ರಶಸ್ತಿ ಕೊಡಲಿಲ್ಲ.

ಎಲ್ಲರಿಗಿಂತ ಮುಖ್ಯ ನಮಗೆ ವಿ.ಕೆ. ಮೂರ್ತಿ. 1923ರಲ್ಲಿ ಮೈಸೂರಿನಲ್ಲಿ ಹುಟ್ಟಿದವರು. ಬೆಂಗಳೂರಿನ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್‌ನಲ್ಲಿ ಸಿನಿಮಾ ಛಾಯಾಗ್ರಹಣದ ಡಿಪ್ಲೊಮಾ. ಹೌದು, ಡಿಪ್ಲೊಮಾ. ನಮ್ಮ ಕೈಯಲ್ಲಿರುವುದೂ ಅದೇ, ಅದಕ್ಕೇ ಎರಡು ಸಲ ಹೇಳಿದೆವು. 'ಬಾಜಿ'ಯಲ್ಲಿ ಸಹಾಯಕರಾಗಿದ್ದ ಮೂರ್ತಿ ಒಂದು ಕಷ್ಟದ ಶಾಟ್ ಹೀಗೆ ತೆಗೆಯಬಹುದು ಎಂದರು. ತೆಗೆದು ತೋರಿಸಿದರು. ಮುಂದಿನ 'ಜಾಲ್'ನಿಂದ ಗುರುದತ್ ನಿರ್ದೇಶಿಸಿದ ಸಿನಿಮಾಗಳಿಗೆ ಕ್ಯಾಮೆರಾ ಅವರದೇ.

'ಕಾಗಜ್ ಕೆ ಫೂಲ್'ನ ಒಂದು ಹಾಡಿನಲ್ಲಿ ಕತ್ತಲ ಸ್ಟುಡಿಯೋದೊಳಗೆ ಮೇಲಿಂದ ಒಂದು ಬೆಳಕಿನ ಕೋಲು ಇಳಿಯುತ್ತದೆ, ಧೂಳು ಅದರಲ್ಲಿ ತೇಲುತ್ತದೆ. ಹೆಂಚಿನ ಮನೆಯಲ್ಲಿ ಒಡೆದ ಹೆಂಚಿನಿಂದ ಬಿಸಿಲು ಬೀಳುವುದನ್ನು ನೋಡಿದವರಿಗೆ ತಕ್ಷಣ ಗುರುತಾಗುತ್ತದೆ. ದೊಡ್ಡ ದೀಪದಿಂದ ಅಂಥ ಬೆಳಕು ಬರುವುದಿಲ್ಲ. ಮೂರ್ತಿ ಎರಡು ದೊಡ್ಡ ಕನ್ನಡಿ ತರಿಸಿದರು. ಹೊರಗೆ ಬಿಸಿಲಿನಲ್ಲಿ ಒಂದು, ಒಳಗೆ ಒಂದು. ಸೂರ್ಯನನ್ನೇ ಕನ್ನಡಿಯಿಂದ ಕನ್ನಡಿಗೆ ಹಾಯಿಸಿ ಒಳಗೆ ತಂದರು. ಸೋತ ಸಿನಿಮಾ ಅಂತಾರಲ್ಲ, ಆ ಸಿನಿಮಾದ ಛಾಯಾಗ್ರಹಣಕ್ಕೆ ಫಿಲ್ಮ್‌ಫೇರ್ ಪ್ರಶಸ್ತಿ ಬಂತು. 2008ನೇ ಸಾಲಿನ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಮೂರ್ತಿಯವರಿಗೆ ಬಂತು, ಛಾಯಾಗ್ರಾಹಕನೊಬ್ಬನಿಗೆ ಅದು ಸಿಕ್ಕಿದ್ದು ಅದೇ ಮೊದಲು. ಕನ್ನಡದ 'ಹೂವು ಹಣ್ಣು' ಚಿತ್ರಕ್ಕೂ ಅವರೇ ಕ್ಯಾಮೆರಾ ಹಿಡಿದಿದ್ದರು. 2014ರಲ್ಲಿ ಬೆಂಗಳೂರಿನಲ್ಲಿ ತೀರಿಕೊಂಡರು, 90ರ ತುಂಬು ವಯಸ್ಸಿಗೆ. ಅದಕ್ಕೇ ಇರಬೇಕು, ಅವರ ಮೇಲೆ ರೀಲ್ ಬಂದದ್ದು ನಾವು ನೋಡಿಲ್ಲ.

ಗೀತಾ ದತ್ ಬಗ್ಗೆಯೂ ಹೇಳಬೇಕು. 1953ರಲ್ಲಿ ಗುರುದತ್‌ನ ಕೈ ಹಿಡಿದಾಗ ಆಕೆ ಗಂಡನಿಗಿಂತ ಹೆಸರು ಮಾಡಿದ್ದ ಗಾಯಕಿ. ಮೂರು ಮಕ್ಕಳು. ಮನೆ ಒಡೆಯಿತು. ಗಂಡ ಹೋದ ಮೇಲೆ ಸಾಲ, ಕಾಯಿಲೆ, 1972ರಲ್ಲಿ 41ನೇ ವಯಸ್ಸಿಗೆ ಆಕೆಯೂ ಹೋದರು. 'ಮಹಾನ್ ಕಲಾವಿದನ ದುಃಖ' ಎಂದು ಪಿಟೀಲು ಬಾರಿಸುವವರು ಆ ಮನೆಯಲ್ಲಿ ಉಳಿದವರ ಪಾಡನ್ನು ನೋಡುವುದಿಲ್ಲ. ಗಂಡಸು ಕುಡಿದು ಮಲಗಿದ ಮನೆಯ ಬೆಳಗು ಹೇಗಿರುತ್ತದೆ ಎಂದು ನಮ್ಮ ಕಡೆಯ ಹೆಣ್ಣುಮಕ್ಕಳಿಗೆ ವಿವರಿಸುವ ಅಗತ್ಯ ಇಲ್ಲ. ಗುರುದತ್ ದೊಡ್ಡ ನಿರ್ದೇಶಕ ಎನ್ನುವುದು ಅದನ್ನು ಅಳಿಸುವುದಿಲ್ಲ.

ಕೆಜಿಎಫ್‌ನವರಿಗೆ ಒಂದು ಗೆರೆಯ ಕಥೆ ಎಂದರೇನು ಗೊತ್ತು. ಗಣಿ 2001ರ ಫೆಬ್ರವರಿ 28ರಂದು ಮುಚ್ಚಿತು, ಅಲ್ಲಿಗೆ ಊರು ಸತ್ತಿತು ಎಂದು ಹೊರಗಿನವರು ಬರೆಯುತ್ತಾರೆ. 2018ರಲ್ಲಿ ಸಿನಿಮಾ ಬಂದ ಮೇಲೆ ಸೈನೈಡ್ ದಿಬ್ಬದ ಮುಂದೆ ಸೆಲ್ಫಿ ತೆಗೆಯುತ್ತಾರೆ. ನೂರು ವರ್ಷಕ್ಕೂ ಹೆಚ್ಚು ಕಾಲ ಅಲ್ಲಿ ಕೆಳಗಿಳಿದು ದುಡಿದವರ ಕೆಲಸ ಎರಡರಲ್ಲೂ ಇಲ್ಲ. ಬೆಳಗಿನ ಮಾರಿಕುಪ್ಪಂ ರೈಲಿನಲ್ಲಿ ಬೆಂಗಳೂರಿಗೆ ನಿಂತುಕೊಂಡೇ ಹೋಗುವವರಂತೂ ಮೊದಲೇ ಇಲ್ಲ.

ಈಗ ಕೆಲಸದ ಮಾತು. 2025 ಗುರುದತ್ ಹುಟ್ಟಿದ ನೂರನೇ ವರ್ಷ. ಆ ಆಗಸ್ಟ್‌ನಲ್ಲಿ ಆತನ ಚಿತ್ರಗಳ ಹಳೆಯ ಪ್ರಿಂಟ್ ಸರಿಮಾಡಿ ಥಿಯೇಟರಿಗೆ ಬಿಟ್ಟರು. ಅದು ಊರುಗಳ ಮಾಲ್‌ಗಳಲ್ಲಿ, ನಮ್ಮ ಹೋಬಳಿಗೆ ಬರಲಿಲ್ಲ. ಗ್ರಾಮ ಪಂಚಾಯಿತಿಗಳಲ್ಲಿ ಅರಿವು ಕೇಂದ್ರಗಳಿವೆ, ಕೆಲವು ಕಡೆ ಟಿವಿಯೂ ಇದೆ. ವರ್ಷದಲ್ಲಿ ಒಂದು ದಿನ 'ಪ್ಯಾಸಾ' ಹಾಕುವುದಕ್ಕೆ ಸರ್ಕಾರದ ದೊಡ್ಡ ಯೋಜನೆ ಏನೂ ಬೇಡ. ಹಿಂದಿ ಅರ್ಥವಾಗದಿದ್ದರೆ ಪಕ್ಕದಲ್ಲಿ ಒಬ್ಬರು ಹೇಳುತ್ತಾ ಹೋದರಾಯಿತು, ನಮ್ಮಜ್ಜಿಯರು ತಮಿಳು ಸಿನಿಮಾ ನೋಡಿದ್ದು ಹಾಗೆಯೇ. ಕ್ಯಾಮೆರಾ ಹುಚ್ಚಿರುವ ಹುಡುಗ ಹುಡುಗಿಯರಿಗೆ ಮೂರ್ತಿ ಹೆಸರು ಹೇಳಿ. ಅವರು ಓದಿದ ಥರದ ಡಿಪ್ಲೊಮಾ ಈಗ ಹೆಸರಘಟ್ಟದ ಸರ್ಕಾರಿ ಫಿಲ್ಮ್ ಇನ್‌ಸ್ಟಿಟ್ಯೂಟ್‌ನಲ್ಲಿದೆ.

ನಾವು ಪತ್ರಿಕೆಗೆ ಕಳಿಸುವ ಸುದ್ದಿಯಲ್ಲಿ ಇನ್ನು ಮುಂದೆ "ಕಾರಣ" ಎಂಬ ಪದ ಬರೆಯುವ ಮುಂಚೆ ಒಂದು ಫೋನಾದರೂ ಮಾಡುತ್ತೇವೆ. ಡೆಸ್ಕ್‌ನವರು ಬೈದರೆ ಬೈಸಿಕೊಳ್ಳುತ್ತೇವೆ. ಮನಸ್ಸು ತೀರಾ ಕುಗ್ಗಿದೆ, ಬದುಕೇ ಬೇಡ ಎನಿಸುತ್ತಿದೆ ಅಂದರೆ 14416ಕ್ಕೆ ಕರೆ ಮಾಡಿ. ಸರ್ಕಾರದ ಟೆಲಿ ಮಾನಸ್ ನಂಬರು, ದುಡ್ಡಿಲ್ಲ, ರಾತ್ರಿಯೂ ಎತ್ತುತ್ತಾರೆ, ಕನ್ನಡದಲ್ಲೇ ಮಾತಾಡಬಹುದು.

ಲ್ಯಾಪ್‌ಟಾಪ್ ನಮ್ಮ ಹತ್ತಿರ ಇದೆ, ಪ್ರೊಜೆಕ್ಟರ್ ಬಾಡಿಗೆಗೆ ಸಿಗುತ್ತದೆ. ಸುಣ್ಣ ಬಳಿದ ಅಗಲವಾದ ಗೋಡೆ ಯಾವ ಊರಿನಲ್ಲಿದೆ ತಿಳಿಸಿ, ಒಂದು ಶನಿವಾರ ಸಂಜೆ ಬರುತ್ತೇವೆ. ಯಾವ ಸಿನಿಮಾ ಅಣ್ಣಾ ಎಂದು ಕೇಳಿದ ಹುಡುಗನಿಗೆ ಮುಂದಿನ ಸಾಲಿನಲ್ಲಿ ಜಾಗ ಹಿಡಿದಿರುತ್ತೇವೆ.