ಒಮ್ಮೆ ಪೆಟ್ಟು ತಿಂದ ಹೆಲ್ಮೆಟ್ ಮತ್ತೆ ತಲೆಗೇರದಿರಲಿ

ಕಳೆದ ತಿಂಗಳು ಒಂದು ಸಂಜೆ 13 ವರ್ಷದ ಹುಡುಗನೊಬ್ಬನನ್ನು ಅವನ ತಂದೆ ನನ್ನ ಕ್ಲಿನಿಕ್ಕಿಗೆ ಕರೆತಂದರು. ಟ್ಯೂಷನ್ ಮುಗಿಸಿ ಸೈಕಲ್ಲಿನಲ್ಲಿ ಬರುತ್ತಿದ್ದಾಗ ನಾಯಿ ಅಡ್ಡ ಬಂದಿತ್ತು. ಗಟ್ಟಿಯಾಗಿ ಬ್ರೇಕ್ ಹಿಡಿದ ಹುಡುಗ ಹ್ಯಾಂಡಲ್ ಮೇಲಿಂದ ಮುಗ್ಗರಿಸಿ, ರಸ್ತೆಯಂಚಿನ ಕಲ್ಲಿಗೆ ತಲೆ ಬಡಿಸಿಕೊಂಡಿದ್ದ. ಮೊಣಕೈ ತರಚಿತ್ತು, ಮೊಣಕಾಲಿಗೆ ಎರಡು ಹೊಲಿಗೆ ಬೇಕಾಯಿತು. ತಲೆಗೆ ಮಾತ್ರ ಒಂದು ಗೆರೆಯೂ ಬಿದ್ದಿರಲಿಲ್ಲ. ಹೆಲ್ಮೆಟ್ ಧರಿಸಿದ್ದ.

ಹೊಲಿಗೆ ಹಾಕುತ್ತಿರುವಾಗ ತಂದೆ ಹೆಲ್ಮೆಟ್ಟನ್ನು ತಿರುಗಿಸಿ ತಿರುಗಿಸಿ ನೋಡಿ, ‘ಡಾಕ್ಟ್ರೇ, ಇದಕ್ಕೂ ಏನೂ ಆಗಿಲ್ಲ, ಒಂದು ಗೀರು ಅಷ್ಟೆ. ಕೊಟ್ಟ ದುಡ್ಡು ಸಾರ್ಥಕ ಆಯ್ತು. ಮುಂದೆ ಇವನ ತಂಗಿಗೂ ಆಗುತ್ತೆ’ ಎಂದರು. ಅದನ್ನು ಬಿಸಾಡಿಬಿಡಿ ಎಂದೆ. ನಾನೇನೋ ಹೆಲ್ಮೆಟ್ ಅಂಗಡಿಯ ಪಾಲುದಾರನೆಂಬಂತೆ ನನ್ನ ಮುಖ ನೋಡಿದರು.

ಅವರ ಅನುಮಾನ ಸಹಜವೇ. ಹರಿದ ಚಪ್ಪಲಿಗೆ ಹೊಲಿಗೆ ಹಾಕಿಸುವ, ಅಣ್ಣನ ಅಂಗಿಯನ್ನು ತಮ್ಮನಿಗೆ ತೊಡಿಸುವ ಮನೆಗಳಲ್ಲಿ ಬೆಳೆದವರು ನಾವು. ಕಣ್ಣಿಗೆ ಚೆನ್ನಾಗಿಯೇ ಕಾಣುವ ವಸ್ತುವನ್ನು ಎಸೆಯಲು ಕೈ ಬರುವುದಿಲ್ಲ. ಆ ಅಭ್ಯಾಸವನ್ನು ನಾನು ಹಳಿಯಲಾರೆ. ಆದರೆ ಹೆಲ್ಮೆಟ್ ಅಂಗಿಯಂತಲ್ಲ. ಅದು ಕೆಲಸ ಮಾಡುವ ರೀತಿಯೇ ಬೇರೆ.

ತಲೆಯನ್ನು ಕಾಯುವುದು ಹೊರಗಿನ ಬಣ್ಣಬಣ್ಣದ ಪ್ಲಾಸ್ಟಿಕ್ ಕವಚ ಎಂದು ಬಹಳ ಮಂದಿ ತಿಳಿದಿದ್ದಾರೆ. ನಿಜವಾದ ಕೆಲಸ ಒಳಗಿರುವ ಥರ್ಮೋಕೋಲಿನದು. ಟಿ.ವಿ. ಪೆಟ್ಟಿಗೆಯಲ್ಲಿ ಬರುವ ಬಿಳಿ ವಸ್ತುವಿನ ಜಾತಿಯದೇ, ಇನ್ನಷ್ಟು ಒತ್ತಾಗಿರುತ್ತದೆ. ಓಡುತ್ತಿರುವ ತಲೆ ಕಲ್ಲಿಗೆ ಬಡಿದು ತಟ್ಟನೆ ನಿಂತರೆ ಒಳಗಿನ ಮೆದುಳು ಬುರುಡೆಗೆ ಅಪ್ಪಳಿಸುತ್ತದೆ. ಥರ್ಮೋಕೋಲಿನ ಪುಟ್ಟ ಪುಟ್ಟ ಗುಳ್ಳೆಗಳು ಜಜ್ಜಿಹೋಗುತ್ತಾ ಆ ನಿಲುಗಡೆಯನ್ನು ಕ್ಷಣದ ಸಣ್ಣದೊಂದು ಪಾಲಿನಷ್ಟು ನಿಧಾನಗೊಳಿಸುತ್ತವೆ. ಜೀವ ಉಳಿಯುವುದು ಆ ಸಣ್ಣ ಪಾಲಿನಲ್ಲಿ. ಆದರೆ ಜಜ್ಜಿದ ಥರ್ಮೋಕೋಲ್ ಸ್ಪಂಜಿನಂತೆ ಮತ್ತೆ ಉಬ್ಬುವುದಿಲ್ಲ. ಹೊರಗಿನ ಕವಚ ಮಾತ್ರ ಪುಟಿದೆದ್ದು ಮೊದಲಿನಂತೆ ಹೊಳೆಯುತ್ತಿರುತ್ತದೆ. ಎರಡನೆಯ ಸಲ ಅದೇ ಜಾಗಕ್ಕೆ ಪೆಟ್ಟು ಬಿದ್ದರೆ ತಡೆಯಲು ಅಲ್ಲಿ ಏನೂ ಉಳಿದಿರುವುದಿಲ್ಲ.

ಆದ್ದರಿಂದ ತಲೆಯಲ್ಲಿದ್ದಾಗ ಜೋರು ಪೆಟ್ಟು ತಿಂದ ಹೆಲ್ಮೆಟ್ಟನ್ನು, ಬಿರುಕು ಕಾಣಲಿ ಕಾಣದಿರಲಿ, ಬದಲಾಯಿಸಲೇಬೇಕು. ಇದರಲ್ಲಿ ರಿಯಾಯಿತಿ ಇಲ್ಲ. ಖಾಲಿ ಹೆಲ್ಮೆಟ್ ಒಮ್ಮೆ ಮೇಜಿನಿಂದ ಬಿದ್ದಿತೆಂದು ಮಾತ್ರ ಗಾಬರಿಪಡಬೇಕಿಲ್ಲ. ಒಳಗೆ ತಲೆಯ ಭಾರವಿಲ್ಲದಾಗ ಪೆಟ್ಟಿನ ಬಲವೂ ಕಡಿಮೆ. ಮೆತ್ತೆಗಳನ್ನು ಬಿಚ್ಚಿ ಬೆಳಕಿಗೆ ಹಿಡಿದು ಬಿರುಕು, ತಗ್ಗು ಇವೆಯೇ ನೋಡಿದರೆ ಸಾಕು.

ಇನ್ನು ವಯಸ್ಸಿನ ಪ್ರಶ್ನೆ. ಮೂರು ವರ್ಷ, ಐದು ವರ್ಷ ಎಂದು ತಯಾರಕರು ಬರೆದಿರುತ್ತಾರೆ. ಅಮೆರಿಕದ ಗ್ರಾಹಕ ಸುರಕ್ಷಾ ಆಯೋಗ 5ರಿಂದ 10 ವರ್ಷ ಎನ್ನುತ್ತದೆ. ಕೆನಡಾದ ಸಂಶೋಧಕರು ಜನ ಬಳಸಿದ್ದ ಹಳೆಯ ಸೈಕಲ್ ಹೆಲ್ಮೆಟ್‌ಗಳ ಥರ್ಮೋಕೋಲನ್ನು ಪರೀಕ್ಷಿಸಿ, ಬರೀ ವಯಸ್ಸಿನಿಂದ ಅದರ ಗುಣ ಕೆಡುವುದಿಲ್ಲ ಎಂದು 2016ರಲ್ಲಿ ವರದಿ ಮಾಡಿದರು. ಹಾಗಾಗಿ ಐದು ವರ್ಷ ತುಂಬಿದ ದಿನವೇ ಅಂಗಡಿಗೆ ಓಡಿ ಎಂದು ನಾನು ಹೇಳಲಾರೆ. ಆದರೆ ಥರ್ಮೋಕೋಲ್ ಗಟ್ಟಿಯಿದ್ದರೂ ಪಟ್ಟಿ, ಬಕಲ್, ಅಂಟು ಸವೆಯುತ್ತವೆ. ಅದಕ್ಕಿಂತ ಮುಖ್ಯವಾಗಿ, ಮಕ್ಕಳ ತಲೆ ಬೆಳೆಯುತ್ತದೆ. ಪಟ್ಟಿಯ ನೂಲು ಎದ್ದಿದ್ದರೆ, ಬಕಲ್ ‘ಟಕ್’ ಎಂದು ಕೂರದಿದ್ದರೆ, ಕವಚ ಥರ್ಮೋಕೋಲಿನಿಂದ ಬಿಟ್ಟುಕೊಂಡಿದ್ದರೆ ಅದರ ಆಯುಸ್ಸು ಮುಗಿಯಿತೆಂದೇ ಲೆಕ್ಕ.

ಕಾಳಜಿಯ ವಿಷಯ ಸುಲಭ. ಬೆವರು, ಕೊಬ್ಬರಿ ಎಣ್ಣೆ, ಧೂಳು ಸೇರಿ ಒಳಗಿನ ಮೆತ್ತೆ ನಾರುವುದು ನಮ್ಮ ಊರುಗಳಲ್ಲಿ ಸಾಮಾನ್ಯ. ಮೆತ್ತೆಗಳನ್ನು ಬಿಚ್ಚಿ, ಸೋಪಿನ ನೀರಿನಲ್ಲಿ ಕೈಯಿಂದ ಹಿಂಡಿ, ನೆರಳಲ್ಲಿ ಒಣಗಿಸಿ. ಕವಚವನ್ನು ಅದೇ ನೀರಿನ ಒದ್ದೆ ಬಟ್ಟೆಯಿಂದ ಒರೆಸಿ. ಕಲೆ ಹೋಗಲೆಂದು ಪೆಟ್ರೋಲ್, ಥಿನ್ನರ್, ನೇಲ್ ಪಾಲಿಶ್ ತೆಗೆಯುವ ದ್ರವ ಇವನ್ನು ಸೋಕಿಸಲೇಬೇಡಿ. ನಂಬಿಕೆ ಬಾರದಿದ್ದರೆ ಥರ್ಮೋಕೋಲಿನ ಚೂರಿಗೆ ಎರಡು ಹನಿ ನೇಲ್ ಪಾಲಿಶ್ ದ್ರವ ಹಾಕಿ ನೋಡಿ, ಕಣ್ಣೆದುರೇ ಕರಗಿಹೋಗುತ್ತದೆ. ಬಿಸಿಲಲ್ಲಿ ನಿಂತ ಕಾರಿನೊಳಗೆ ದಿನವಿಡೀ ಬಿಡುವುದೂ ಒಳ್ಳೆಯದಲ್ಲ. ಹೇನಿನ ಕಾಟವಿರುವ ವಯಸ್ಸಿನ ಮಕ್ಕಳು ಹೆಲ್ಮೆಟ್ ಅದಲು ಬದಲು ಮಾಡಿಕೊಳ್ಳದಿರಲಿ.

ಹಾಕುವ ರೀತಿ ತಪ್ಪಿದರೆ ಇದೆಲ್ಲ ವ್ಯರ್ಥ. ಹುಬ್ಬಿನಿಂದ ಎರಡು ಬೆರಳು ಮೇಲಿರಬೇಕು, ಹಣೆ ಬಯಲಾಗಬಾರದು. ಗದ್ದದ ಪಟ್ಟಿಯೊಳಗೆ ಒಂದು ಬೆರಳಷ್ಟೇ ತೂರಬೇಕು. ಹೆಣ್ಣುಮಕ್ಕಳು ಕೆಳಜಡೆ ಹಾಕಿಕೊಂಡರೆ ಸರಿಯಾಗಿ ಕೂರುತ್ತದೆ. ತುರುಬಿನ ಮೇಲೆ ಕೂತ ಹೆಲ್ಮೆಟ್ ಬಿದ್ದೊಡನೆ ಜಾರುತ್ತದೆ. ಇನ್ನೊಂದು ಮಾತನ್ನು ಬಹಳ ತಾಯಂದಿರು ಕೇಳಿರಲಾರರು: ಸೈಕಲ್ ಇಳಿದ ಮೇಲೆ ಮಗು ಹೆಲ್ಮೆಟ್ ತೆಗೆದೇ ಆಟಕ್ಕೆ ಹೋಗಬೇಕು. ಜಾರುಬಂಡೆಯಲ್ಲಿ, ಮರದ ಕೊಂಬೆಯಲ್ಲಿ ಹೆಲ್ಮೆಟ್ ಸಿಕ್ಕಿಕೊಂಡರೆ ಗದ್ದದ ಪಟ್ಟಿಯೇ ಕುತ್ತಿಗೆಗೆ ಉರುಳಾಗುತ್ತದೆ.

ಅಪ್ಪನ ಹಳೆಯ ಸ್ಕೂಟರ್ ಹೆಲ್ಮೆಟ್ಟನ್ನು ಮಗನ ಸೈಕಲ್ಲಿಗೆ ಒಪ್ಪಿಸುವುದನ್ನೂ ಕಂಡಿದ್ದೇನೆ. ಅದು ಒಂದು ಕಿಲೋ ಆಸುಪಾಸು ತೂಗುತ್ತದೆ; ಸೈಕಲ್ಲಿನದು ಮುನ್ನೂರು ಗ್ರಾಂ. ಬೆಳೆಯುವ ಕುತ್ತಿಗೆಗೆ ಅದು ಹೊರೆ, ಅಳತೆಯೂ ಸರಿಬಾರದು. ಎರಡು ದಿನ ಹಾಕಿ ಮೂರನೆಯ ದಿನ ಹುಡುಗ ಅದನ್ನು ಹ್ಯಾಂಡಲ್ಲಿಗೆ ತೂಗುಹಾಕುತ್ತಾನೆ.

ಮೋಟಾರು ವಾಹನ ಕಾಯ್ದೆಯ ಹೆಲ್ಮೆಟ್ ನಿಯಮ ಸೈಕಲ್ಲಿಗೆ ಅನ್ವಯಿಸುವುದಿಲ್ಲ. ಮೋಟಾರು ದ್ವಿಚಕ್ರ ವಾಹನಗಳ ಹೆಲ್ಮೆಟ್‌ಗೆ 2021ರ ಜೂನ್‌ನಿಂದ ಐಎಸ್‌ಐ ಗುರುತು ಕಡ್ಡಾಯವಾಗಿದೆ. ಆ ಆದೇಶವೂ ಸೈಕಲ್ಲಿನದನ್ನು ಮುಟ್ಟುವುದಿಲ್ಲ. ಪೊಲೀಸರು ಹಿಡಿಯುವುದಿಲ್ಲ, ದಂಡವಿಲ್ಲ. ಹಾಗಾಗಿ ಈ ಖರ್ಚು ಪೂರ್ತಿಯಾಗಿ ತಂದೆ ತಾಯಿಯ ತೀರ್ಮಾನಕ್ಕೆ ಬಿಟ್ಟದ್ದು. ಗೇರಿನ ಸೈಕಲ್ಲಿಗೆ ಹತ್ತು ಸಾವಿರ ಕೊಟ್ಟವರು ಹೆಲ್ಮೆಟ್ಟಿನ ಮುಂದೆ ನಿಂತು ಚೌಕಾಸಿ ಮಾಡುವುದು ನನಗೆ ಅರ್ಥವಾಗುವುದಿಲ್ಲ. ದುಡ್ಡು ಉಳಿಸಲೇಬೇಕಿದ್ದರೆ ಸಾದಾ ಸೈಕಲ್ ಕೊಳ್ಳಿ. ಪರಿಚಯವಿಲ್ಲದವರ ಬಳಸಿದ ಹೆಲ್ಮೆಟ್ ಮಾತ್ರ ಬೇಡ, ಅದು ಎಷ್ಟು ಸಲ ಬಿದ್ದಿದೆಯೋ ಕೇಳುವವರು ಯಾರು?

ಹೆಲ್ಮೆಟ್ ಇತ್ತೆಂದು ತಲೆಪೆಟ್ಟನ್ನು ಮರೆತೂ ಬಿಡಬಾರದು. ಬಿದ್ದ ನಂತರ ಎರಡು ದಿನ ಗಮನವಿಡಿ. ವಾಂತಿ, ಏರುತ್ತಿರುವ ತಲೆನೋವು, ಎಬ್ಬಿಸಿದರೂ ಏಳದ ಮಂಪರು, ತೊದಲು ಮಾತು ಕಂಡರೆ ಹೊತ್ತು ನೋಡದೆ ಆಸ್ಪತ್ರೆಗೆ ಕರೆದೊಯ್ಯಿರಿ.

ಹೊಲಿಗೆ ಬಿಚ್ಚಿಸಲು ಅಪ್ಪ ಮಗ ಹನ್ನೆರಡು ದಿನಗಳ ನಂತರ ಬಂದರು. ಹುಡುಗನ ಕೈಯಲ್ಲಿ ಹೊಸ ಹೆಲ್ಮೆಟ್ ಇತ್ತು. ಹಳೆಯದರ ಮೆತ್ತೆ ಕಿತ್ತು ನೋಡಿದಾಗ ಕಿವಿಯ ಮೇಲ್ಭಾಗದಲ್ಲಿ ಕೂದಲೆಳೆಯಂಥ ಬಿರುಕು ಕಂಡಿತೆಂದು ತಂದೆ ಹೇಳಿದರು. ‘ಕಸದ ಗಾಡಿಯವರು ಎತ್ತಿಕೊಂಡು ಮಕ್ಕಳಿಗೆ ಹಾಕಿಬಿಟ್ಟಾರು ಅಂತ ಪಟ್ಟಿ ಕತ್ತರಿಸಿಯೇ ಹಾಕಿದೆ ಡಾಕ್ಟ್ರೇ’ ಎಂದರು. ಅದು ನನಗೂ ಹೊಳೆದಿರಲಿಲ್ಲ.