ಹಗುರ ಓದಿಗೇಕೆ ತಾತ್ಸಾರ?

ಒಂದು ತಿಂಗಳಲ್ಲಿ ಯಾರಾದರೂ ಒಂದು ಪತ್ತೇದಾರಿ ಕಾದಂಬರಿ, ಗೊರೂರರ ‘ಹಳ್ಳಿಯ ಚಿತ್ರಗಳು’, ತೇಜಸ್ವಿ ಕನ್ನಡಕ್ಕೆ ತಂದ ಕೆನೆತ್ ಆಂಡರ್ಸನ್‌ನ ಕಾಡಿನ ಕಥೆಗಳು, ತ್ರಿವೇಣಿಯವರದೊಂದು ಕಾದಂಬರಿ ಇಷ್ಟನ್ನು ಓದಿ ಮುಗಿಸಿದರೆ, ಅದನ್ನು ಓದು ಎಂದು ಲೆಕ್ಕಕ್ಕೆ ಹಿಡಿಯಲು ನಮ್ಮಲ್ಲಿ ಹಲವರು ಹಿಂದೆಮುಂದೆ ನೋಡುತ್ತಾರೆ. ‘ಟೈಂಪಾಸ್’ ಎಂದು ಬದಿಗೆ ಸರಿಸುತ್ತಾರೆ. ಸಲೀಸಾಗಿ ಓದಿಸಿಕೊಂಡು ಹೋಗುವುದರಲ್ಲಿ ಹುರುಳಿರಲಾರದು ಎಂಬ ನಂಬಿಕೆ ಇದರ ಬುಡದಲ್ಲಿದೆ. ಆದರೆ ‘ಶ್ರೀ ರಾಮಾಯಣ ದರ್ಶನಂ’ ಬರೆದ ಕುವೆಂಪು ಅವರೇ ಮಕ್ಕಳಿಗಾಗಿ ‘ಬೊಮ್ಮನಹಳ್ಳಿಯ ಕಿಂದರಿಜೋಗಿ’ ಬರೆದರು. ‘ಮರಳಿ ಮಣ್ಣಿಗೆ’ಯ ಕಾರಂತರು ‘ಬಾಲಪ್ರಪಂಚ’ಕ್ಕೂ ದುಡಿದರು. ಬರೆದವರಿಗಿಲ್ಲದ ಮಡಿ ಓದುವವರಿಗೆ ಏಕೆ?

1980ರಲ್ಲಿ ಬಂದ ತೇಜಸ್ವಿಯವರ ‘ಕರ್ವಾಲೊ’ವನ್ನೇ ನೋಡಿ. ಹಾರುವ ಓತಿಯೊಂದರ ಬೆನ್ನು ಹತ್ತಿ ಕಾಡಿಗೆ ಹೊರಟವರ ಕಥೆಯನ್ನು ಪತ್ತೇದಾರಿ ಕಾದಂಬರಿಯ ಕುತೂಹಲದಿಂದಲೇ ಓದಿಬಿಡಬಹುದು. ಊರವರು ಪೋಲಿ ಎಂದು ತಿಳಿದ ಮಂದಣ್ಣ ವಿಜ್ಞಾನಿ ಕರ್ವಾಲೊರ ಕಣ್ಣಿಗೆ ಸೂಕ್ಷ್ಮ ಪರಿಶೀಲಕನಾಗಿ ಕಾಣುವಲ್ಲಿ, ಜ್ಞಾನ ಯಾರ ಸೊತ್ತು ಎಂಬ ದೊಡ್ಡ ಪ್ರಶ್ನೆ ಸದ್ದಿಲ್ಲದೆ ಎದ್ದು ನಿಲ್ಲುತ್ತದೆ. ಕಡೆಗೆ ಆ ಓತಿ ಕೈಗೆ ಸಿಗದೆ ಪ್ರಪಾತದತ್ತ ತೇಲಿಹೋದಾಗ, ಹುಡುಕಾಟದ ರೋಮಾಂಚನವೇ ಚಿಂತನೆಯಾಗಿ ಮಾರ್ಪಟ್ಟಿರುತ್ತದೆ. ‘ಹೆಂಗಸರ ಕಾದಂಬರಿ’ ಎಂದು ಕೆಲವರು ಮೂಗುಮುರಿದ ‘ಶರಪಂಜರ’ದಲ್ಲೂ ಇಂಥದೇ ಒಂದು ಕೆಲಸ ನಡೆದಿದೆ. ಹೆರಿಗೆಯ ನಂತರ ಮನಸ್ಸು ಕದಡಿದ ಕಾವೇರಿ ಗುಣವಾಗಿ ಮನೆಗೆ ಬಂದರೂ ಅವಳನ್ನು ಹುಚ್ಚಿಯೆಂದೇ ಕಾಣುವ ಸಂಸಾರವನ್ನು, ಮನಶ್ಶಾಸ್ತ್ರ ಓದಿದ್ದ ತ್ರಿವೇಣಿ ಸರಳ ಕನ್ನಡದಲ್ಲಿ ಓದುಗರ ಮುಂದಿಟ್ಟರು. ವೈದ್ಯಕೀಯ ಪುಸ್ತಕವನ್ನು ಎಂದೂ ಮುಟ್ಟದವರಿಗೂ ಆ ನೋವು ತಲುಪಿದ್ದು ಕಥೆಯ ಮೂಲಕ.

ಕೆಡುಕೇನಾದರೂ ಇದ್ದರೆ ಅದು ಏಕತಾನದಲ್ಲಿದೆ. ಎನ್. ನರಸಿಂಹಯ್ಯನವರ ನೂರಾರು ಪತ್ತೇದಾರಿ ಕಾದಂಬರಿಗಳು ಸಾವಿರಾರು ಜನರಿಗೆ ಪುಸ್ತಕ ಹಿಡಿಯುವ ರೂಢಿ ಹಚ್ಚಿದವು, ಇದು ಸಣ್ಣ ಉಪಕಾರವಲ್ಲ. ಆದರೆ ವರ್ಷವಿಡೀ ಅವನ್ನೇ ಓದುವವನ ರುಚಿ ನಿಂತಲ್ಲೇ ನಿಲ್ಲುತ್ತದೆ. ಬರೀ ವಿಮರ್ಶಾಗ್ರಂಥಗಳನ್ನೇ ಓದುವವನಿಗೂ ಈ ಮಾತು ಅಷ್ಟೇ ಸಲ್ಲುತ್ತದೆ! 1956ರಲ್ಲಿ ಹುಬ್ಬಳ್ಳಿಯಿಂದ ಹೊರಟ ‘ಕಸ್ತೂರಿ’ ಮಾಸಪತ್ರಿಕೆ ಇದನ್ನು ಚೆನ್ನಾಗಿ ಅರಿತಿತ್ತು. ಸಂಪಾದಕ ಪಾ.ವೆಂ. ಆಚಾರ್ಯರ ಕಾಲದ ಸಂಚಿಕೆಗಳಲ್ಲಿ ವಿಜ್ಞಾನ, ಹಾಸ್ಯ, ಶಬ್ದಗಳ ಹುಟ್ಟಿನ ವಿಚಾರ, ಕೊನೆಗೊಂದು ಪುಸ್ತಕದ ಸಂಗ್ರಹ ಎಲ್ಲವೂ ಅಕ್ಕಪಕ್ಕ ಕೂರುತ್ತಿದ್ದವು. ನಗೆಬರಹಕ್ಕೆಂದು ತೆರೆದವರು ನಕ್ಷತ್ರಗಳ ಲೇಖನದಲ್ಲಿ ಮುಳುಗಲು ಅಲ್ಲಿ ಅವಕಾಶವಿತ್ತು.

ಹಗುರವೂ ವೈವಿಧ್ಯವೂ ಮೊಬೈಲಿನಲ್ಲೇ ಧಾರಾಳವಾಗಿ ಸಿಗುತ್ತವಲ್ಲ ಎಂದು ಕೇಳಬಹುದು. ಸಿಗುತ್ತವೆ, ಆದರೆ ತುಣುಕುಗಳಾಗಿ. ಇನ್ನೂರು ಪುಟಗಳ ಕಾದಂಬರಿ ಎಷ್ಟೇ ಸರಳವಾಗಿದ್ದರೂ, ಮೊದಲ ಅಧ್ಯಾಯದ ಮಾತೊಂದನ್ನು ಕೊನೆಯ ಅಧ್ಯಾಯದವರೆಗೆ ನೆನಪಿನಲ್ಲಿಟ್ಟುಕೊಂಡು ಬರುವಂತೆ ಮಾಡುತ್ತದೆ. ಈ ಅಭ್ಯಾಸ ತುಣುಕುಗಳಿಂದ ಬರುವುದಿಲ್ಲ. ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಇನ್ನೊಂದಿದೆ: ಆಯುಷ್ಯ ಚಿಕ್ಕದು, ಪಂಪ, ಕುಮಾರವ್ಯಾಸರನ್ನು ಓದುವುದು ಯಾವಾಗ? ಈ ಕಳವಳ ನ್ಯಾಯವಾದದ್ದೇ. ಆದರೆ ಪಂಪನನ್ನು ಯಾರೂ ಒಂದೇ ಉಸಿರಿಗೆ ಓದುವುದಿಲ್ಲ. ಹಳಗನ್ನಡದ ಒಂದು ಪದ್ಯವನ್ನು ಬಿಡಿಸಿಕೊಂಡು ಅರ್ಥಮಾಡಿಕೊಳ್ಳಲು ಅರ್ಧ ಗಂಟೆ ಹಿಡಿದರೂ ಹಿಡಿದೀತು, ಹಾಗೆ ಹಿಡಿಯಬೇಕು ಕೂಡ. ಬೆಳಿಗ್ಗೆ ಆ ಅರ್ಧ ಗಂಟೆಯನ್ನು ಪಂಪನಿಗೆ ಕೊಟ್ಟವನು ರಾತ್ರಿ ಆಂಡರ್ಸನ್‌ನ ನರಭಕ್ಷಕನ ಹಿಂದೆ ಹೋದರೆ ಪಂಪನಿಗೆ ಯಾವ ನಷ್ಟವೂ ಇಲ್ಲ. ಹಗುರ ಪುಸ್ತಕಗಳನ್ನು ಬಿಟ್ಟವರೆಲ್ಲ ಆ ಹೊತ್ತನ್ನು ಕಾವ್ಯಕ್ಕೇ ಕೊಡುತ್ತಾರೆ ಎಂದು ನಂಬಲು ಆಧಾರವೂ ಇಲ್ಲ; ಎಷ್ಟೋ ಮನೆಗಳಲ್ಲಿ ಕಾದಂಬರಿ ನಿಂತ ಮೇಲೆ ಓದೇ ನಿಂತಿದೆ.